ಮನೆಯಲ್ಲೇ ಗಿಟಾರ್ ಮತ್ತು ಹಾಡಿನ ರೆಕಾರ್ಡಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಭಾವಗೀತೆ, ತತ್ವಪದ, ಸ್ವಂತ ಹಾಡು ಯಾವುದೇ ಇರಲಿ, ಅಕೂಸ್ಟಿಕ್ ಗಿಟಾರ್ ಹಿಡಿದು ಮನೆಯಲ್ಲೇ ರೆಕಾರ್ಡ್ ಮಾಡುವವರು ಫೋನಿನಲ್ಲಿ, ಮೆಸೇಜಿನಲ್ಲಿ, ಎದುರಿಗೆ ಸಿಕ್ಕಾಗ ನನ್ನನ್ನು ಕೇಳುವ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಉತ್ತರ ಕೊಡುವಾಗ ನನ್ನ ಮನಸ್ಸಿನಲ್ಲಿರುವುದು ಒಂದೇ ವಿಷಯ: ಕನ್ನಡದ ಹಾಡಿನಲ್ಲಿ ಮಾತು ಕೇಳಬೇಕು. ಗಿಟಾರ್ ಎಷ್ಟೇ ಚೆನ್ನಾಗಿ ಬಂದಿದ್ದರೂ ಸಾಹಿತ್ಯ ತಿಳಿಯದಿದ್ದರೆ ಆ ರೆಕಾರ್ಡಿಂಗ್ ಇನ್ನೂ ಮುಗಿದಿಲ್ಲ ಅಂತಲೇ ನಾನು ಅಂದುಕೊಳ್ಳುತ್ತೇನೆ.

## ಶುರು ಮಾಡುವವರಿಗೆ

ಫೋನಿನಲ್ಲೇ ರೆಕಾರ್ಡ್ ಮಾಡಿದ್ರೆ ಆಗಲ್ವಾ?

ಆಗುತ್ತದೆ. ಮೊದಲ ಹತ್ತು ಹಾಡು ಫೋನಿನಲ್ಲೇ ಮಾಡಿ ಅಂತ ನಾನೇ ಹೇಳುತ್ತೇನೆ. ಫೋನನ್ನು ಮೇಜಿನ ಮೇಲೆ ಮಲಗಿಸಬೇಡಿ, ಮೇಜಿನ ಸದ್ದೂ ಸೇರಿಕೊಳ್ಳುತ್ತದೆ. ಒಂದು ಸ್ಟ್ಯಾಂಡಿಗೆ ಸಿಕ್ಕಿಸಿ, ಎದೆಯ ಎತ್ತರಕ್ಕೆ, ಎರಡು ಅಡಿ ದೂರದಲ್ಲಿಡಿ. ಮಾತು ಮುಳುಗಿದರೆ ಸ್ವಲ್ಪ ಮೇಲಕ್ಕೆ ಏರಿಸಿ, ಗಿಟಾರ್ ಸಣ್ಣಗಾದರೆ ಕೆಳಕ್ಕೆ ಇಳಿಸಿ. ಈ ಏರಿಳಿತದಲ್ಲಿ ನಿಮ್ಮ ಕಿವಿ ಕಲಿಯುವುದನ್ನು ಮುಂದೆ ದುಬಾರಿ ಮೈಕ್ ಕಲಿಸುವುದಿಲ್ಲ.

ಫೋನಿನ ತೊಂದರೆ ಒಂದೇ. ಧ್ವನಿ ಮತ್ತು ಗಿಟಾರ್ ಒಂದೇ ಟ್ರ್ಯಾಕಿನಲ್ಲಿ ಬೆರೆತುಹೋಗುತ್ತವೆ, ಆಮೇಲೆ ಬೇರೆ ಮಾಡಿ ಸರಿಪಡಿಸಲು ಕಷ್ಟ.

ಬಜೆಟ್ ಕಡಿಮೆ ಇದೆ. ಮೊದಲು ಏನು ತಗೋಬೇಕು?

ಒಂದು ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಒಂದು ಮೈಕ್, ಗಟ್ಟಿಯಾದ ಸ್ಟ್ಯಾಂಡ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಇಷ್ಟು ಸಾಕು. ಇಂಟರ್‌ಫೇಸ್ ಕೊಳ್ಳುವಾಗ ಮಾತ್ರ ಸ್ವಲ್ಪ ಮುಂದಾಲೋಚನೆ ಮಾಡಿ. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊದಲ್ಲಿ ಒಂದೇ ಮೈಕ್ ಹಾಕಬಹುದು, ಅದೇ ಸಾಲಿನ 2ಐ2 ಮಾದರಿಯಲ್ಲಿ ಎರಡು. ಹಾಡುತ್ತಾ ನುಡಿಸುವವರಿಗೆ ಒಂದಲ್ಲ ಒಂದು ದಿನ ಎರಡನೇ ಮೈಕ್ ಬೇಕೇ ಆಗುತ್ತದೆ. ಸ್ವಲ್ಪ ಕಾದು ಎರಡು ಮೈಕಿನದ್ದೇ ಕೊಳ್ಳಿ.

ಸ್ಟ್ಯಾಂಡಿನಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಮೈಕಿನ ಭಾರಕ್ಕೆ ಮೆಲ್ಲಗೆ ಬಾಗುವ ಸ್ಟ್ಯಾಂಡ್ ಇದ್ದರೆ ಪಲ್ಲವಿಯ ಸದ್ದೇ ಬೇರೆ, ಕೊನೆಯ ಚರಣದ ಸದ್ದೇ ಬೇರೆ ಆಗುತ್ತದೆ.

ಕಂಡೆನ್ಸರ್ ಮೈಕಾ, ಡೈನಾಮಿಕ್ ಮೈಕಾ?

ಎಲ್ಲರೂ ಕಂಡೆನ್ಸರ್ ಅನ್ನುತ್ತಾರೆ. ಕೋಣೆ ಶಾಂತವಾಗಿದ್ದರೆ ಅದು ನಿಜ. ತಂತಿಯ ಮಿನುಗು, ಬೆರಳಿನ ಸ್ಪರ್ಶ, ಉಸಿರು ಎಲ್ಲವೂ ಕಂಡೆನ್ಸರಿನಲ್ಲಿ ಸಿಗುತ್ತವೆ. ಆಡಿಯೋ ಟೆಕ್ನಿಕಾ ಎಟಿ2020, ರೋಡ್ ಎನ್‌ಟಿ1 ಇವೆಲ್ಲ ಅದೇ ಜಾತಿಯವು. ಇವಕ್ಕೆ ಇಂಟರ್‌ಫೇಸಿನಿಂದ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕಿನ ವೈರಿನಲ್ಲೇ ಹೋಗುವ ಕರೆಂಟು, ಬೇಕು. ಆ ಬಟನ್ ಒತ್ತದೆ ಮೈಕ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಒಯ್ದವರನ್ನು ನಾನು ಕಂಡಿದ್ದೇನೆ.

ಆದರೆ ನಿಮ್ಮ ಮನೆ ಮುಖ್ಯರಸ್ತೆಯ ಮೇಲಿದೆ, ಪಕ್ಕದಲ್ಲೇ ಹೊಸ ಕಟ್ಟಡದ ಕೆಲಸ ನಡೆಯುತ್ತಿದೆ ಅಂದರೆ ಕಂಡೆನ್ಸರ್ ಅದನ್ನೂ ಅಷ್ಟೇ ಪ್ರೀತಿಯಿಂದ ಹಿಡಿಯುತ್ತದೆ. ಅಂಥ ಕಡೆ 1966ರಿಂದ ಮಾರುಕಟ್ಟೆಯಲ್ಲಿರುವ ಶ್ಯೂರ್ ಎಸ್‌ಎಂ58ರಂಥ ಡೈನಾಮಿಕ್ ಮೈಕ್ ಹಿಡಿದು ಹತ್ತಿರದಿಂದ ಹಾಡಿ. ಅಷ್ಟು ಮಿನುಗು ಇರುವುದಿಲ್ಲ, ಆದರೆ ನಿಮ್ಮ ಮಾತು ರಸ್ತೆಯ ಸದ್ದಿಗಿಂತ ಮುಂದೆ ನಿಲ್ಲುತ್ತದೆ.

ಯಾವ ಸಾಫ್ಟ್‌ವೇರ್ ಒಳ್ಳೇದು?

ನಿಮ್ಮ ಹತ್ತಿರ ಇರುವುದು. ಆಪಲ್ ಕಂಪ್ಯೂಟರ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಉಚಿತ. ಆಡಾಸಿಟಿ ಎಲ್ಲ ಕಡೆ ಉಚಿತ. ರೀಪರ್ 60 ದಿನ ಪುಕ್ಕಟೆ ಬಳಸಿ ನೋಡಲು ಸಿಗುತ್ತದೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಹಗುರವಾಗಿ ಓಡುತ್ತದೆ. ಎರಡು ಟ್ರ್ಯಾಕಿನ ಹಾಡಿಗೆ ಇದರಲ್ಲಿ ಯಾವುದಾದರೂ ನಡೆಯುತ್ತದೆ.

## ಕೋಣೆಯ ವಿಷಯ

ಎಷ್ಟು ಚೆನ್ನಾಗಿ ಹಾಡಿದ್ರೂ ಬಾತ್‌ರೂಮಿನಲ್ಲಿ ಹಾಡಿದ ಹಾಗೆ ಕೇಳುತ್ತೆ, ಯಾಕೆ?

ನಮ್ಮ ಮನೆಗಳು ಹಾಗಿವೆ. ನೆಲಕ್ಕೆ ಟೈಲ್ಸ್ ಅಥವಾ ಗ್ರಾನೈಟ್, ಮೇಲೆ ಆರ್‌ಸಿಸಿ, ನಾಲ್ಕೂ ಕಡೆ ಬಣ್ಣ ಬಳಿದ ಸಿಮೆಂಟಿನ ಗೋಡೆ. ಸದ್ದು ಹೀರಿಕೊಳ್ಳುವ ಒಂದು ವಸ್ತುವೂ ಇಲ್ಲ. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ಹೊಡೆಯಿರಿ. ಹೊಡೆದಾದ ಮೇಲೆ "ಟ್ರ್‌ರ್‌ರ್" ಅಂತ ಒಂದು ಸಣ್ಣ ನಡುಕ ಉಳಿಯುತ್ತದಲ್ವಾ? ನಿಮ್ಮ ರೆಕಾರ್ಡಿಂಗಿನಲ್ಲಿ ಕೇಳುವುದು ಅದೇ.

ಖಾಲಿ ಕೋಣೆ ಬಿಟ್ಟು ಮಂಚ, ಹಾಸಿಗೆ, ಬಟ್ಟೆಯ ಬೀರು ಇರುವ ಬೆಡ್‌ರೂಮಿಗೆ ಬನ್ನಿ. ನೆಲಕ್ಕೆ ಜಮಖಾನೆ ಹಾಸಿ. ಆಮೇಲೆ ಹೊದಿಕೆ ತೂಗುಹಾಕಿ. ಇಲ್ಲೇ ಹೆಚ್ಚಿನವರು ತಪ್ಪುವುದು. ಹೊದಿಕೆಯನ್ನು ಮೈಕಿನ ಹಿಂದೆ ಹಾಕುತ್ತಾರೆ. ನಾವು ಬಳಸುವ ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಹಿಂದಿನ ಸದ್ದು ಹೇಗೂ ಕಡಿಮೆಯೇ ಕೇಳುತ್ತದೆ. ಅದು ನೋಡುತ್ತಿರುವುದು ನಿಮ್ಮನ್ನು ಮತ್ತು ನಿಮ್ಮ ಬೆನ್ನ ಹಿಂದಿನ ಗೋಡೆಯನ್ನು. ಹೊದಿಕೆ ಬೇಕಾಗಿರುವುದು ಆ ಗೋಡೆಗೆ.

ನಾನು ಬಳಸುವುದು ಉತ್ತರ ಕರ್ನಾಟಕದ ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು ಕೈಯಲ್ಲಿ ಹೊಲಿದದ್ದು. ಒಳ್ಳೇ ಭಾರ ಇರುತ್ತದೆ, ಆ ಭಾರವೇ ನಮಗೆ ಬೇಕು. ಎರಡು ಕೌದಿಗಳನ್ನು ಒಂದರ ಮೇಲೊಂದು ಹಗ್ಗಕ್ಕೆ ಹಾಕಿ, ಗೋಡೆಗೆ ಅಂಟಿಸದೆ ಒಂದು ಗೇಣು ಮುಂದಕ್ಕೆ ಬಿಡಿ. ಹಿಂದೆ ಗಾಳಿ ಇದ್ದರೆ ಬಟ್ಟೆ ಇನ್ನೂ ಕೆಳಗಿನ ಸ್ವರಗಳನ್ನು ಹೀರುತ್ತದೆ. ಈಗ ಮತ್ತೆ ಚಪ್ಪಾಳೆ ಹೊಡೆದು ನೋಡಿ.

ಎ ತಂತಿ ಮೀಟಿದಾಗ ಮಾತ್ರ ಗುಂಯ್ ಅನ್ನುತ್ತೆ. ಗಿಟಾರ್ ಕೆಟ್ಟಿದ್ಯಾ?

ಗಿಟಾರ್ ಸರಿಯಾಗೇ ಇರಬಹುದು. ಕೋಣೆಯನ್ನು ಅಳೆಯಿರಿ. 10 ಅಡಿ ಉದ್ದ, 10 ಅಡಿ ಅಗಲ, ಮೇಲಕ್ಕೂ ಹತ್ತಿರ ಹತ್ತಿರ 10 ಅಡಿ ಇದ್ದರೆ ಕಾರಣ ಅಲ್ಲೇ ಇದೆ. ಎದುರುಬದುರು ಗೋಡೆಗಳ ನಡುವೆ 10 ಅಡಿ ಇದ್ದರೆ ಸುಮಾರು 56 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ಮತ್ತು ಅದರ ಎರಡರಷ್ಟು, ಅಂದರೆ ಸುಮಾರು 112 ಹರ್ಟ್ಜ್ ಸದ್ದು ಅಲ್ಲಿ ಉಬ್ಬಿ ನಿಲ್ಲುತ್ತದೆ. ಗಿಟಾರಿನ ಐದನೇ ತಂತಿ, ಅಂದರೆ ನಿಮ್ಮ ಎ ತಂತಿ, 110 ಹರ್ಟ್ಜ್. ಮೂರು ದಿಕ್ಕಿನಲ್ಲೂ ಒಂದೇ ಅಳತೆ ಇದ್ದಾಗ ಮೂರೂ ಉಬ್ಬುಗಳು ಒಂದರ ಮೇಲೊಂದು ಕೂರುತ್ತವೆ.

ಮೂಲೆಯಲ್ಲಿ ಕೂರಬೇಡಿ, ಗುಂಯ್ ಜಾಸ್ತಿ ಆಗುತ್ತದೆ. ಸರಿಯಾಗಿ ನಡುವೆಯೂ ಬೇಡ. ಒಂದು ಗೋಡೆಯಿಂದ ಮೂರೂವರೆ, ನಾಲ್ಕು ಅಡಿ ಬಿಟ್ಟು, ಕೋಣೆಗೆ ಸ್ವಲ್ಪ ಓರೆಯಾಗಿ ಕೂತು ಆ ತಂತಿ ಮೀಟಿ. ಕುರ್ಚಿಯನ್ನು ಅರ್ಧ ಅಡಿ ಸರಿಸುತ್ತಾ ಹೋಗಿ. ಯಾವುದೋ ಒಂದು ಜಾಗದಲ್ಲಿ ಆರೂ ತಂತಿಗಳು ಸಮನಾಗಿ ಕೇಳುತ್ತವೆ. ಅಲ್ಲಿ ನೆಲಕ್ಕೆ ಒಂದು ಟೇಪ್ ಅಂಟಿಸಿಬಿಡಿ.

ಗೋಡೆಗೆ ಫೋಮ್ ಅಂಟಿಸಿದ್ರೆ ಹೊರಗಿನ ಗದ್ದಲ ನಿಲ್ಲುತ್ತಾ?

ಇಲ್ಲ. ತೆಳು ಫೋಮ್ ಒಳಗಿನ ಸದ್ದಿನ ಮೇಲಿನ ಸ್ವರಗಳನ್ನಷ್ಟೇ ಹೀರುತ್ತದೆ. ಹೊರಗಿನದನ್ನು ತಡೆಯಲು ಭಾರ ಬೇಕು, ಗಾಳಿ ನುಸುಳದ ಕಿಟಕಿ ಬಾಗಿಲು ಬೇಕು. ನನಗೆ ಒಂದು ಅಂಗಡಿಯವರು "ಸೌಂಡ್‌ಪ್ರೂಫ್" ಅಂತ ಹೇಳಿ ಎರಡು ಗೋಡೆಗಾಗುವಷ್ಟು ಫೋಮ್ ಮಾರಿದ್ದರು. ಆಟೋ ಹಾರ್ನ್ ಹಾಗೇ ಕೇಳುತ್ತಿತ್ತು, ನನ್ನ ಧ್ವನಿಯ ಹೊಳಪು ಮಾತ್ರ ಹೋಯಿತು. ಫೋಮ್ ಕಿತ್ತಾಗ ಗೋಡೆಯ ಬಣ್ಣವೂ ಬಂತು. ಬಾಡಿಗೆ ಮನೆಯಲ್ಲಿರುವವರು ಇದನ್ನು ನೆನಪಿಡಿ.

ಗದ್ದಲಕ್ಕೆ ನಮ್ಮ ಕೈಲಿರುವ ದೊಡ್ಡ ಔಷಧಿ ಹೊತ್ತು. ಪೇಟೆಯಲ್ಲಿ ರಾತ್ರಿ ಹನ್ನೊಂದರ ಮೇಲೆ. ಮಲೆನಾಡಿನಲ್ಲಿ ರಾತ್ರಿ ಜೀರುಂಡೆ, ಮಳೆಗಾಲದಲ್ಲಿ ಕಪ್ಪೆ, ಹೆಂಚಿನ ಮೇಲೆ ಮಳೆ, ಆದ್ದರಿಂದ ಅಲ್ಲಿನವರಿಗೆ ಮಧ್ಯಾಹ್ನದ ಊಟದ ನಂತರದ ಹೊತ್ತು ಮೇಲು.

ಫ್ಯಾನ್ ಆಫ್ ಮಾಡಲೇಬೇಕಾ? ಸೆಕೆ ತಡೆಯಕ್ಕಾಗಲ್ಲ.

ಮಾಡಲೇಬೇಕು. ಫ್ಯಾನಿನ ಸದ್ದನ್ನು ಆಮೇಲೆ ತೆಗೆಯಬಹುದು ಅಂದುಕೊಂಡರೆ ತೆಗೆಯುವಾಗ ನಿಮ್ಮ "ಸ", "ಶ", "ಹ" ಕೂಡ ಸವೆದುಹೋಗುತ್ತವೆ. ಟೇಕ್ ನಡುವೆ ಫ್ಯಾನ್ ಹಾಕಿಕೊಳ್ಳಿ, ಟೇಕಿಗೆ ಮುಂಚೆ ಆಫ್ ಮಾಡಿ ಅದು ಪೂರ್ತಿ ನಿಲ್ಲುವವರೆಗೆ ಕಾಯಿರಿ. ಇನ್ವರ್ಟರ್, ಫ್ರಿಜ್, ಗೋಡೆ ಗಡಿಯಾರ ಇವನ್ನೂ ಒಮ್ಮೆ ಕಿವಿಗೊಟ್ಟು ಕೇಳಿ.

## ಗಿಟಾರ್

ಮೈಕನ್ನ ತೂತಿನ ಎದುರಿಗೇ ಇಟ್ಟಿದ್ದೀನಿ, ಆದ್ರೂ ಸದ್ದು ಚೆನ್ನಾಗಿಲ್ಲ. ಎಲ್ಲಿಡಬೇಕು?

ತೂತಿನ ಎದುರಿಗೆ ಇಟ್ಟಿರುವುದೇ ತೊಂದರೆ. ಗಿಟಾರಿನ ಹೊಟ್ಟೆಯ ಗಾಳಿ ಸುಮಾರು 100 ಹರ್ಟ್ಜ್ ಸುತ್ತ ಕಂಪಿಸುತ್ತದೆ, ಅದು ಹೊರಬರುವುದು ಆ ತೂತಿನಿಂದ. ಅಲ್ಲಿ ಮೈಕ್ ಇಟ್ಟರೆ ಆ ಒಂದು ಗುಂಯ್ ಉಳಿದದ್ದನ್ನೆಲ್ಲ ನುಂಗುತ್ತದೆ. ಜೊತೆಗೆ ಕಾರ್ಡಿಯಾಯ್ಡ್ ಮೈಕ್ ಹತ್ತಿರ ಬಂದಷ್ಟೂ ಕೆಳಗಿನ ಸ್ವರಗಳನ್ನು ತಾನೇ ದಪ್ಪ ಮಾಡುತ್ತದೆ.

ಹನ್ನೆರಡನೇ ಫ್ರೆಟ್ ಹುಡುಕಿ, ಅಲ್ಲಿ ಸಾಮಾನ್ಯವಾಗಿ ಎರಡು ಚುಕ್ಕೆ ಇರುತ್ತವೆ. ಅಲ್ಲಿಂದ ನೇರ ಮುಂದೆ ಒಂದು ಗೇಣು, ಅಂದರೆ 20ರಿಂದ 25 ಸೆಂಟಿಮೀಟರ್ ದೂರದಲ್ಲಿ ಮೈಕ್ ಇಡಿ. ಮೈಕಿನ ಮುಖ ಕುತ್ತಿಗೆಯೂ ಹೊಟ್ಟೆಯೂ ಕೂಡುವ ಜಾಗದ ಕಡೆಗೆ ಸ್ವಲ್ಪ ತಿರುಗಿರಲಿ. ಇದು ಆರಂಭದ ಜಾಗ ಅಷ್ಟೇ.

ಈಗ ಹೆಡ್‌ಫೋನ್ ಹಾಕಿಕೊಂಡು, ಒಂದೇ ಕಾರ್ಡ್ ಬಾರಿಸುತ್ತಾ ಗಿಟಾರನ್ನು ಅಂಗುಲ ಅಂಗುಲ ಸರಿಸಿ. ಮೈಕ್ ತೂತಿನ ಕಡೆಗೆ ಬಂದ ಹಾಗೆ ಸದ್ದಿಗೆ ಮೈ ತುಂಬುತ್ತದೆ. ಕುತ್ತಿಗೆಯ ಕಡೆಗೆ ಹೋದ ಹಾಗೆ ತೆಳ್ಳಗಾಗಿ ತಂತಿಯ ಮೇಲೆ ಬೆರಳು ಜಾರುವ ಕೀರಲು ಜಾಸ್ತಿ. ಬ್ರಿಡ್ಜ್ ಹಿಂದೆ ಹೋದರೆ ಮರದ ಸದ್ದು, ಸ್ವಲ್ಪ ಮೊಂಡು. ಅಂಗೈ ಅಗಲದ ಜಾಗದಲ್ಲಿ ಮೂರು ಬೇರೆ ಬೇರೆ ಗಿಟಾರ್ ಸಿಗುತ್ತವೆ. ಬರೀ ಗಿಟಾರ್ ತುಣುಕಾದರೆ ನಾನು ಮೈ ತುಂಬಿದ ಜಾಗ ಆರಿಸುತ್ತೇನೆ. ಹಾಡಿನ ಹಿಂದೆ ನುಡಿಸುವಾಗ ತುಸು ತೆಳ್ಳಗಿನ ಜಾಗವೇ ಸರಿ, ಕೆಳಗಿನ ಸ್ವರಗಳ ಜಾಗವನ್ನು ಧ್ವನಿಗೆ ಬಿಟ್ಟುಕೊಡಬೇಕಲ್ಲ.

ಗಿಟಾರಿನಲ್ಲೇ ಪಿಕಪ್ ಇದೆ. ವೈರ್ ಚುಚ್ಚಿದ್ರೆ ಸಾಲದಾ?

ಸ್ಟೇಜಿಗೆ ಸಾಕು, ರೆಕಾರ್ಡಿಂಗಿಗೆ ನಾನು ಒಪ್ಪುವುದಿಲ್ಲ. ಬ್ರಿಡ್ಜ್ ಕೆಳಗಿನ ಪಿಕಪ್ ತಂತಿಯ ಒತ್ತಡವನ್ನು ಹಿಡಿಯುತ್ತದೆ, ಮರ ಮತ್ತು ಗಾಳಿ ಸೇರಿ ಮಾಡುವ ಸದ್ದನ್ನಲ್ಲ. ರಬ್ಬರ್ ಬ್ಯಾಂಡ್ ಮೀಟಿದ ಹಾಗೆ ಕೇಳುವುದು ಅದಕ್ಕೇ.

ವೈರ್ ಚುಚ್ಚಿದಾಗ "ಮ್‌ಮ್‌ಮ್" ಅನ್ನುವ ಗುನುಗು ಬಂದರೆ ಅದು ನಮ್ಮ ಮನೆಯ 50 ಹರ್ಟ್ಜ್ ಕರೆಂಟಿನದು. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆ ಓಡಿಸಿ ನೋಡಿ. ನಿಂತರೆ ಅರ್ಥಿಂಗ್ ಸರಿಯಿಲ್ಲದಿರಬಹುದು. ಎಲೆಕ್ಟ್ರಿಷಿಯನ್ ಕರೆಸಿ, ಇದು ನಿಮ್ಮ ಸುರಕ್ಷತೆಯ ಮಾತೂ ಹೌದು.

ಪ್ರತಿ ಸಲ ಹೊಸ ತಂತಿ ಹಾಕಬೇಕಾ?

ಹಾಡು ಮುಖ್ಯವಾಗಿದ್ದರೆ ಹಾಕಿ. ಆದರೆ ಹಿಂದಿನ ದಿನ ಹಾಕಿ, ಚೆನ್ನಾಗಿ ಎಳೆದು, ಮತ್ತೆ ಮತ್ತೆ ಶ್ರುತಿ ಮಾಡಿ. ಅವತ್ತೇ ಹಾಕಿದ ತಂತಿ ಹಾಡಿನ ಮಧ್ಯೆ ಇಳಿಯುತ್ತದೆ. ಪ್ರತಿ ಟೇಕಿಗೂ ಮುಂಚೆ ಟ್ಯೂನರ್ ನೋಡಿ. ಗಿಟಾರಿಗೆ 45ರಿಂದ 55 ಶೇಕಡಾ ತೇವ ಹಿತ. ಕರಾವಳಿಯ ಮಳೆಗಾಲದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ, ಮರ ಉಬ್ಬುತ್ತದೆ, ಸದ್ದು ಮಂಕಾಗುತ್ತದೆ. ಆ ತಿಂಗಳುಗಳಲ್ಲಿ ಕೇಸಿನೊಳಗೆ ಸಿಲಿಕಾ ಜೆಲ್ ಇಟ್ಟು ಮುಚ್ಚಿಡಿ.

ನನ್ನ ಶ್ರುತಿ ಕಪ್ಪು ಒಂದು. ಗಿಟಾರಿನಲ್ಲಿ ಅದಕ್ಕೆ ಹೇಗೆ ಹೊಂದಿಸೋದು?

ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ಒಂದು ಅಂದರೆ ಸಿ ಶಾರ್ಪ್. ಮೊದಲ ಫ್ರೆಟ್ಟಿಗೆ ಕ್ಯಾಪೊ (ಆರೂ ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಸಿ ಕಾರ್ಡ್ ಆಕಾರ ಹಿಡಿಯಿರಿ, ಅಷ್ಟೇ. ಬಿಳಿ ಆರಕ್ಕೆ ಹಾಡುವ ಹೆಣ್ಣುಮಕ್ಕಳು ಎರಡನೇ ಫ್ರೆಟ್ಟಿಗೆ ಹಾಕಿ ಜಿ ಆಕಾರ ಹಿಡಿದರೆ ಎ ಬರುತ್ತದೆ. ಕ್ಯಾಪೊ ಹಾಕಿದ ಮೇಲೆ ಇನ್ನೊಮ್ಮೆ ಶ್ರುತಿ ಮಾಡಿ, ಅದು ತಂತಿಯನ್ನು ಒತ್ತಿ ಸ್ವಲ್ಪ ಏರಿಸಿರುತ್ತದೆ. ಗಿಟಾರಿಗೆ ಸುಲಭ ಅಂತ ನಿಮ್ಮ ಶ್ರುತಿಯನ್ನು ಮಾತ್ರ ಬದಲಿಸಬೇಡಿ.

## ಧ್ವನಿ

ಪ, ಫ, ಭ ಬಂದಾಗಲೆಲ್ಲ ಧಪ್ ಅಂತ ಹೊಡೆಯುತ್ತೆ. ಏನ್ ಮಾಡ್ಲಿ?

ಕನ್ನಡದಲ್ಲಿ ಹಾಡುವವರಿಗೆ ಇದು ಜಾಸ್ತಿ ಕಾಡುತ್ತದೆ, ನಮ್ಮಲ್ಲಿ ಮಹಾಪ್ರಾಣಗಳಿವೆಯಲ್ಲ. ಬಾಯಿಯ ಮುಂದೆ ಒಂದು ಗೇಣು ದೂರದಲ್ಲಿ ಅಂಗೈ ಹಿಡಿದು "ಫಲ" ಅನ್ನಿ. ಗಾಳಿ ಬಂದು ಬಡಿಯುತ್ತದೆ. ಈಗ ಅಂಗೈಯನ್ನು ಕೆನ್ನೆಯ ಪಕ್ಕಕ್ಕೆ ನಾಲ್ಕು ಬೆರಳಿನಷ್ಟು ಸರಿಸಿ ಮತ್ತೆ "ಫಲ" ಅನ್ನಿ. ಗಾಳಿ ಇಲ್ಲ, ಸದ್ದು ಮಾತ್ರ ಹಾಗೇ ಇದೆ. ನಿಮ್ಮ ಮೈಕ್ ಇರಬೇಕಾದದ್ದು ಆ ಎರಡನೇ ಜಾಗದಲ್ಲಿ.

ಮೈಕನ್ನು ಬಾಯಿಂದ 15ರಿಂದ 20 ಸೆಂಟಿಮೀಟರ್ ದೂರ, ಸ್ವಲ್ಪ ಓರೆಗೆ ಇಟ್ಟು ಬಾಯಿಯ ಕಡೆಗೇ ತಿರುಗಿಸಿ. ನಡುವೆ ಪಾಪ್ ಫಿಲ್ಟರ್, ಅಂದರೆ ಉಸಿರಿನ ಗಾಳಿ ತಡೆಯುವ ಜಾಲರಿ, ಇರಲಿ. "ಸ", "ಶ" ತುಂಬಾ ಚುಚ್ಚುತ್ತಿದ್ದರೆ ಮೈಕನ್ನು ಮೂಗಿನ ಎತ್ತರಕ್ಕೆ ಏರಿಸಿ ಕೆಳಕ್ಕೆ ಬಾಗಿಸಿ. ಅಕ್ಷರವನ್ನು ಮೆತ್ತಗೆ ಮಾಡಿ ಹಾಡಬೇಡಿ. "ಭಾವ"ವನ್ನು "ಬಾವ" ಮಾಡಿ ಮೈಕನ್ನು ಉಳಿಸಿದರೆ ಹಾಡು ಹೋಯಿತು.

ಲೆವೆಲ್ ಎಷ್ಟಿರಬೇಕು? ಕೆಂಪು ಹತ್ತಿರ ಬಂದ್ರೆ ಒಳ್ಳೇದು ಅಂತಾರೆ.

ಅದು ಟೇಪಿನ ಕಾಲದ ಮಾತು. ಇಂಟರ್‌ಫೇಸಿನಲ್ಲಿ 24 ಬಿಟ್ ಆರಿಸಿಕೊಳ್ಳಿ. ಅದರಲ್ಲಿ ಅತಿ ಸಣ್ಣ ಸದ್ದಿಗೂ ಅತಿ ದೊಡ್ಡ ಸದ್ದಿಗೂ ನಡುವೆ ಲೆಕ್ಕದ ಪ್ರಕಾರ 144 ಡೆಸಿಬಲ್ ಅವಕಾಶ ಇದೆ, ಸಿಡಿಯ 16 ಬಿಟ್‌ನಲ್ಲಿ 96. ಸಣ್ಣಗೆ ರೆಕಾರ್ಡ್ ಮಾಡಿ ಆಮೇಲೆ ಏರಿಸಿದರೆ ಏನೂ ನಷ್ಟವಿಲ್ಲ. ಕೆಂಪು ಮುಟ್ಟಿ ಒಡೆದದ್ದು ಮಾತ್ರ ಮತ್ತೆ ಸರಿಹೋಗುವುದಿಲ್ಲ. ಹಾಡಿನ ಅತಿ ಎತ್ತರದ ಸಾಲನ್ನು ಪೂರ್ತಿ ದನಿಯಲ್ಲಿ ಹಾಡಿ, ಅದು ಮೈನಸ್ 10 ಡೆಸಿಬಲ್ ಹತ್ತಿರ ನಿಲ್ಲುವ ಹಾಗೆ ಗೇನ್ (ಮೈಕಿನ ಸದ್ದನ್ನು ಏರಿಳಿಸುವ ಗುಂಡಿ) ಇಡಿ. ಪರೀಕ್ಷೆಗೆ ಹಾಡುವಾಗ ಎಲ್ಲರೂ ಮೆಲ್ಲಗೆ ಹಾಡುತ್ತಾರೆ, ಟೇಕಿನಲ್ಲಿ ಜೋರು ಬರುತ್ತದೆ. ಅದಕ್ಕೂ ಜಾಗ ಬಿಡಿ.

ಹೆಡ್‌ಫೋನಿನಲ್ಲಿ ನನ್ನ ಧ್ವನಿ ನನಗೇ ತಡವಾಗಿ ಕೇಳುತ್ತೆ.

ಬ್ಲೂಟೂತ್ ಹೆಡ್‌ಫೋನ್ ಆಗಿದ್ದರೆ ಮೊದಲು ಅದನ್ನು ತೆಗೆದು ವೈರಿನದ್ದು ಹಾಕಿ. ಇಂಟರ್‌ಫೇಸಿನ ಮೇಲೆ ಡೈರೆಕ್ಟ್ ಮಾನಿಟರ್ ಅನ್ನುವ ಬಟನ್ ಇದ್ದರೆ ಒತ್ತಿ. ಧ್ವನಿ ಕಂಪ್ಯೂಟರಿಗೆ ಹೋಗಿ ಬರದೆ ನೇರ ಕಿವಿಗೆ ಬರುತ್ತದೆ. ಅದಿಲ್ಲದಿದ್ದರೆ ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು) ಇಳಿಸಿ. 44.1 ಕಿಲೋಹರ್ಟ್ಜ್‌ನಲ್ಲಿ 256 ಸ್ಯಾಂಪಲ್ ಅಂದರೆ ಹೋಗಲು ಸುಮಾರು 5.8 ಮಿಲಿಸೆಕೆಂಡ್, ಬರಲು ಮತ್ತಷ್ಟು. 128ಕ್ಕೆ ಇಳಿಸಿದರೆ ಹೆಚ್ಚಿನವರಿಗೆ ಕಾಡುವುದಿಲ್ಲ. ವಿಂಡೋಸ್‌ನಲ್ಲಿ ಈ ತಡ ಕಡಿಮೆ ಮಾಡುವ ಆಸಿಯೋ (ASIO) ಡ್ರೈವರ್ ಹಾಕಿಕೊಳ್ಳಿ.

## ಸ್ವಲ್ಪ ಮುಂದೆ ಹೋದವರಿಗೆ

ಹಾಡು, ಗಿಟಾರ್ ಒಟ್ಟಿಗೇ ಮಾಡ್ಬೇಕಾ, ಬೇರೆ ಬೇರೆನಾ?

ತಾಳಕ್ಕೆ ಕಟ್ಟಿದ ಹಾಡಾದರೆ ಬೇರೆ ಬೇರೆ ಮಾಡಿ, ತಿದ್ದಲು ಸುಲಭ. ಆದರೆ ಭಾವಗೀತೆಯಲ್ಲಿ ಸಾಲಿನ ಕೊನೆಗೆ ಉಸಿರು ನಿಲ್ಲುತ್ತದೆ, ಗಿಟಾರ್ ಕಾಯುತ್ತದೆ, ಮುಂದಿನ ಮಾತು ಬಂದಾಗ ಜೊತೆಗೆ ಹೊರಡುತ್ತದೆ. ಮೆಟ್ರೊನೋಮಿಗೆ ಕಟ್ಟಿದರೆ ಇದು ಸತ್ತುಹೋಗುತ್ತದೆ. ಅಂಥ ಹಾಡನ್ನು ನಾನು ಒಟ್ಟಿಗೇ ಮಾಡುತ್ತೇನೆ, ಎರಡು ಸಣ್ಣ ತಪ್ಪು ಉಳಿದರೂ ಸರಿ.

ಆಗ ಧ್ವನಿಯ ಮೈಕಿಗೆ ಗಿಟಾರ್ ನುಗ್ಗುತ್ತದೆ. ಮೈಕಿಗೂ ಕಿವುಡು ಮಗ್ಗುಲು ಅಂತ ಇರುತ್ತದೆ. ಮುಂದೆ, ಹಿಂದೆ ಎರಡೂ ಕಡೆಯಿಂದ ಕೇಳುವ ಫಿಗರ್ ಎಂಟು ಮೈಕಿಗೆ ಅದು ಎರಡೂ ಪಕ್ಕದಲ್ಲಿ, ಸರಿಯಾಗಿ 90 ಡಿಗ್ರಿಯಲ್ಲಿ. ಮೈಕನ್ನು ಸ್ವಲ್ಪ ಮೇಲಕ್ಕೆ ಬಾಗಿಸಿ ಆ ಪಕ್ಕ ಗಿಟಾರನ್ನು ನೋಡುವ ಹಾಗೆ ಮಾಡಿದರೆ ಗಿಟಾರ್ ಬಹುಮಟ್ಟಿಗೆ ಮಾಯವಾಗುತ್ತದೆ. ಕಾರ್ಡಿಯಾಯ್ಡ್ ಮಾತ್ರ ಇದ್ದರೆ ಅದರ ಬೆನ್ನು ಗಿಟಾರಿನ ಕಡೆಗಿರಲಿ. ಪೂರ್ತಿ ಹೋಗುವುದಿಲ್ಲ, ಆದರೆ ಮಿಕ್ಸಿಂಗಿಗೆ ಸಾಕು.

ಗಿಟಾರಿಗೆ ಎರಡು ಮೈಕ್ ಹಾಕಿದ್ರೆ ಸದ್ದು ಇನ್ನೂ ಸೊರಗಿಹೋಯ್ತು!

ಒಂದೇ ಸದ್ದು ಎರಡು ಮೈಕಿಗೆ ಬೇರೆ ಬೇರೆ ಹೊತ್ತಿಗೆ ತಲುಪುತ್ತಿದೆ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಒಂದು ಮೈಕ್ ಅಷ್ಟು ಹಿಂದಿದ್ದರೆ ಎರಡನ್ನೂ ಕೂಡಿಸಿದಾಗ 500 ಹರ್ಟ್ಜ್, 1500 ಹರ್ಟ್ಜ್ ಹೀಗೆ ಒಂದೊಂದೇ ಸದ್ದು ಪರಸ್ಪರ ಅಳಿಸಿಕೊಳ್ಳುತ್ತದೆ. ಎರಡೂ ಮೈಕನ್ನು ಗಿಟಾರಿನಿಂದ ಒಂದೇ ದೂರದಲ್ಲಿಡಿ, ದಾರ ಹಿಡಿದು ಅಳೆಯಿರಿ. ಎರಡರ ನಡುವಿನ ಅಂತರ ಆ ದೂರದ ಮೂರರಷ್ಟಿರಲಿ, ಇಲ್ಲವೇ ಎರಡರ ಮೂತಿಯೂ ಒಂದೇ ಕಡೆ ಕೂಡಿರಲಿ. ಆಮೇಲೆ ಮೊನೊದಲ್ಲಿ, ಅಂದರೆ ಎರಡನ್ನೂ ಒಂದಾಗಿ ಕೂಡಿಸಿ, ಕೇಳಿ ಪರೀಕ್ಷೆ ಮಾಡಿ. ನಿಜ ಹೇಳಬೇಕೆಂದರೆ ಹಾಡಿನ ಹಿಂದಿನ ಗಿಟಾರಿಗೆ ಒಂದು ಮೈಕ್ ಸಾಕು.

ಮಿಕ್ಸ್ ಮಾಡುವಾಗ ಗಿಟಾರ್ ಮೇಲೆ ಬಂದು ಮಾತು ಮುಚ್ಚಿಹೋಗುತ್ತೆ.

ಮೊದಲು ಗಿಟಾರ್ ಸಣ್ಣದು ಮಾಡಿ, ನೀವು ಅಂದುಕೊಂಡದ್ದಕ್ಕಿಂತ ಎರಡು ಡೆಸಿಬಲ್ ಜಾಸ್ತಿಯೇ. ಗಿಟಾರಿನಲ್ಲಿ 80 ಹರ್ಟ್ಜ್ ಕೆಳಗಿನದನ್ನು ಕತ್ತರಿಸಿ, ಆರನೇ ತಂತಿಯೇ ಶುರುವಾಗುವುದು 82ರಲ್ಲಿ. 200ರಿಂದ 300 ನಡುವೆ ಎರಡು ಮೂರು ಡೆಸಿಬಲ್ ಇಳಿಸಿದರೆ ಧ್ವನಿಗೆ ಜಾಗ ಆಗುತ್ತದೆ. 3000 ಸುತ್ತ ತುಸು ಇಳಿಸಿದರೆ ವ್ಯಂಜನಗಳು ಎದ್ದು ಬರುತ್ತವೆ.

ಇದಾದ ಮೇಲೂ ಮಾತು ಕೇಳದಿದ್ದರೆ ಪದಗಳ ಕೊನೆ ನೋಡಿ. ಕನ್ನಡದ ಪದ ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತದೆ, ಅರ್ಥ ಅಲ್ಲೇ ಕೂತಿರುತ್ತದೆ. "ಬಂದ", "ಬಂದೆ", "ಬಂದು", ಮೂರಕ್ಕೂ ವ್ಯತ್ಯಾಸ ಆ ಕೊನೆಯ ಒಂದು ಸ್ವರ. ಉಸಿರು ಮುಗಿಯುವ ಹೊತ್ತಿಗೆ ಅದು ಇಳಿದುಹೋಗಿ ಗಿಟಾರಿನ ಕೆಳಗೆ ಮುಳುಗುತ್ತದೆ. ನಾನು ಕಂಪ್ರೆಸರ್ (ಸದ್ದಿನ ಏರಿಳಿತವನ್ನು ತಾನೇ ಕಡಿಮೆ ಮಾಡುವ ಸಾಧನ) ಹಾಕುವ ಮುಂಚೆ ಸಾಲು ಸಾಲಾಗಿ ಕೂತು ಆ ಕೊನೆಗಳನ್ನು ಕೈಯಿಂದಲೇ ಎರಡು ಮೂರು ಡೆಸಿಬಲ್ ಏರಿಸುತ್ತೇನೆ. ಒಂದು ಹಾಡಿಗೆ ಒಂದು ಗಂಟೆ ಹಿಡಿಯುತ್ತದೆ. ಆಮೇಲೆ ಹಾಡು ಗೊತ್ತಿಲ್ಲದ ಒಬ್ಬರಿಗೆ ಕೇಳಿಸಿ, ಸಾಹಿತ್ಯ ಬರೆದುಕೊಡಲು ಹೇಳುತ್ತೇನೆ. ಅವರು ತಪ್ಪು ಬರೆದ ಜಾಗಕ್ಕೆ ಮತ್ತೆ ಹೋಗುತ್ತೇನೆ.

ಯೂಟ್ಯೂಬಿಗೆ ಹಾಕಿದ್ರೆ ಬೇರೆಯವರ ಹಾಡಿಗಿಂತ ಸಣ್ಣಗೆ ಕೇಳುತ್ತೆ.

ಲಫ್ಸ್ (LUFS) ಅಂದರೆ ಹಾಡಿನ ಒಟ್ಟು ಜೋರಿನ ಅಳತೆ. ಯೂಟ್ಯೂಬ್ ಮೈನಸ್ 14 ಲಫ್ಸ್‌ಗಿಂತ ಜೋರಾಗಿರುವುದನ್ನು ಇಳಿಸುತ್ತದೆ, ಸಣ್ಣಗಿರುವುದನ್ನು ಏರಿಸುವುದಿಲ್ಲ. ಆದ್ದರಿಂದ ಲಿಮಿಟರ್ (ಅತಿ ಜೋರಿನ ಸದ್ದನ್ನು ತಡೆಹಿಡಿಯುವ ಸಾಧನ) ಹಾಕಿ ಆ ಅಂಕಿಯ ಹತ್ತಿರ ತನ್ನಿ, ಶಿಖರ ಮೈನಸ್ 1 ಡೆಸಿಬಲ್ ದಾಟದಿರಲಿ. ಅದಕ್ಕಿಂತ ಜೋರು ಮಾಡಲು ಹೋದರೆ ಗಿಟಾರಿನ ಮೀಟು ಚಪ್ಪಟೆಯಾಗುತ್ತದೆ, ಲಾಭವೂ ಇಲ್ಲ.

ಬೇರೆ ಕವಿಗಳ ಕವಿತೆ ಹಾಡಿ ಹಾಕಿದ್ರೆ ಅನುಮತಿ ಬೇಕಾ?

ಬೇಕು. ನಮ್ಮ ದೇಶದಲ್ಲಿ ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆಯವರು ಹೋದದ್ದು 1981ರಲ್ಲಿ, ಅಂದರೆ ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ಇದೆ. 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ಪದಗಳಿಗೆ ಆ ತಡೆಯಿಲ್ಲ. ಆದರೆ ನೀವು ಹಾಡುತ್ತಿರುವ ಧಾಟಿ ಇತ್ತೀಚಿನ ಸಂಗೀತ ಸಂಯೋಜಕರದ್ದಾಗಿದ್ದರೆ ರಾಗಸಂಯೋಜನೆಯ ಹಕ್ಕು ಬೇರೆಯೇ. ಸ್ವಂತ ಧಾಟಿ ಕಟ್ಟಿದರೆ ಆ ತೊಡಕಿಲ್ಲ. ಹಕ್ಕುಳ್ಳವರು ಹೆಚ್ಚಾಗಿ ಕವಿಯ ಮನೆಯವರು. ಕವನ ಸಂಕಲನದ ಹಕ್ಕುಗಳ ಪುಟದಲ್ಲಿ ವಿವರ ಇರುತ್ತದೆ, ಇಲ್ಲದಿದ್ದರೆ ಪ್ರಕಾಶಕರನ್ನು ಕೇಳಿ. ರೆಕಾರ್ಡ್ ಮಾಡಿದ ಮೇಲಲ್ಲ, ಮುಂಚೆಯೇ ಒಂದು ಪತ್ರ ಬರೆಯಿರಿ, ಜೊತೆಗೆ ಫೋನಿನಲ್ಲಿ ಹಾಡಿದ ಒಂದು ಚರಣ ಕಳಿಸಿ.